ಉಸಿರಿಗೆ ಸಿಕ್ಕ ತೂತು

ಬೆಳಗಿನ ಆರು ಗಂಟೆ. ಹಳೆಯ ಚಿನ್ನದ ಗಣಿಯೂರು ಗ್ರಾಸ್ ವ್ಯಾಲಿಯಲ್ಲಿ, ಗಣಿಯವರ ಮಾಂಸದ ಕಡುಬಾದ ಪ್ಯಾಸ್ಟಿ ಮಾರುವ ಅಂಗಡಿಯ ಒಲೆ ಈಗಷ್ಟೇ ಬಿಸಿಯಾಗುತ್ತಿದೆ. ಅದರ ಹಿಂದಿನ ಪುಟ್ಟ ಕೋಣೆಯಲ್ಲಿ ಲವ್‌ಡೇ ಟ್ರೆಗಾನಿಂಗ್ ಕಿಟಕಿ ತೆರೆದಿಟ್ಟು ಕೂತಿದ್ದಾರೆ. ವಯಸ್ಸು ಎಪ್ಪತ್ಮೂರು. ಸ್ವೆಟರಿನ ಮೇಲೊಂದು ಸ್ವೆಟರು. ಪೈನ್ ಮರಗಳ ಕಡೆಯಿಂದ ಬರುವ ಥಂಡಿ ಅವರ ಕೆಲಸಕ್ಕೆ ಬೇಕೇ ಬೇಕು. ಎರಡು ಬೆರಳ ನಡುವೆ ಒಂದು ಚಿನ್ನದ ನಾಣ್ಯ ಹಿಡಿದು, ಕನ್ನಡಕ ಒರೆಸುವ ಮುಂಚೆ ನಾವು ಮಾಡುವಂತೆ, ಅದರ ಮೇಲೆ ಮೆಲ್ಲಗೆ ಉಸಿರು ಬಿಡುತ್ತಾರೆ. ನಾಣ್ಯ ಮಬ್ಬಾಗುತ್ತದೆ. ಆಮೇಲೆ ಮಬ್ಬು ಅಂಚಿನಿಂದ ಕರಗುತ್ತ ನಕ್ಷತ್ರ, ಹದ್ದು, ಇಸವಿ ಒಂದೊಂದಾಗಿ ತೇಲಿ ಬರುತ್ತವೆ. ನೋಡುತ್ತ ಕೂತರೆ ಎಚ್ಚರವಿದ್ದೂ ಕನಸು ಬಿದ್ದ ಹಾಗೆ.

"ಮಾತಾಡ್ಬೇಡ," ಎಂದು, ಅವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನ್ನನ್ನು ಗದರುತ್ತಾರೆ. ನಾನು ಬಾಯೇ ಬಿಟ್ಟಿಲ್ಲ. "ನಿನ್ ಉಸಿರೂ ಸೇರ್ಕೊಂಡ್ರೆ ನಂಗೆ ಏನೂ ಕಾಣಲ್ಲ."

ಮೂಲೆಯ ಸ್ಟೂಲಿನಲ್ಲಿ ನಾಣ್ಯದ ಒಡೆಯ ಡಾರೆಲ್ ಪೆನ್‌ಹಾಲ್ ಟೋಪಿ ಹಿಂಡುತ್ತ ಕೂತಿದ್ದಾರೆ. ಶಾಲಾ ಬಸ್ ಓಡಿಸಿ ನಿವೃತ್ತರಾದವರು, ಲವ್‌ಡೇಗೆ ಶಾಲೆಯಲ್ಲಿ ಒಂದು ವರ್ಷ ಕಿರಿಯರು. ಒಂದೇ ವಾರದಲ್ಲಿ ಇದು ಅವರ ಎರಡನೇ ಭೇಟಿ.

ಲವ್‌ಡೇ ಹುಡುಕುವುದು ತೂತನ್ನು. ಜನ ಚಿನ್ನದ ಹುಚ್ಚಿಗೆ ಬಿದ್ದು ಈ ಬೆಟ್ಟಗಳಿಗೆ ನುಗ್ಗಿದ ಕಾಲದಲ್ಲಿ ಸರ್ಕಾರದ ಟಂಕಸಾಲೆ ಇನ್ನೂ ಬಂದಿರಲಿಲ್ಲ, ಖಾಸಗಿಯವರೇ ನಾಣ್ಯ ಅಚ್ಚು ಹಾಕಿಕೊಂಡರು. ಹೆಚ್ಚಿನವು ಕರಗಿಹೋದವು. ಉಳಿದವುಗಳಲ್ಲಿ ಹಲವು ಉಳಿದದ್ದು ಹೆಂಗಸರ ಕೊರಳಲ್ಲಿ, ತೂತು ಕೊರೆಸಿಕೊಂಡು. ತೂತಿರುವ ನಾಣ್ಯವನ್ನು ನಮ್ಮ ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಅದೇ ಬಣ್ಣದ ಚಿನ್ನ ತುಂಬಿ, ಅಳಿದ ಗೆರೆ ಮತ್ತೆ ಕೆತ್ತಿ, ತೂತೇ ಇಲ್ಲದ ನಾಣ್ಯವೆಂದು ದಾಟಿಸುವ ಕಸುಬೊಂದು ಹುಟ್ಟಿಕೊಂಡಿತು. ಬೆಸುಗೆ ಬಿದ್ದ ಕಡೆ ಉಸಿರಿನ ಮಬ್ಬು ಅರೆಗಳಿಗೆ ಹೆಚ್ಚು ನಿಲ್ಲುತ್ತದೆ. ಆ ಅರೆಗಳಿಗೆಯನ್ನು ಹಿಡಿಯಬಲ್ಲ ಕಣ್ಣು ಈ ಸೀಮೆಯಲ್ಲಿ ಇದೊಂದೇ.

"ನಾನೇನು ಸಾಚಾ ಅಲ್ಲ," ಎನ್ನುತ್ತಾರೆ ಲವ್‌ಡೇ. "ಅಪ್ಪನ ಹತ್ರ ಕಲ್ತು ಇನ್ನೂರು ಚಿಲ್ಲರೆ ತೂತು ತುಂಬಿದೀನಿ. ಐವತ್ತು ದಾಟಿದ್ಮೇಲೆ ಯಾಕೋ ಕೈಯೇ ಬರಲಿಲ್ಲ. ಈಗ ಅವನ್ನೇ ಹಿಡಿದುಕೊಡ್ತಾ ಇದೀನಿ."

ಬೆಳಗಿಗೆ ಮೂರೋ ನಾಲ್ಕೋ ನಾಣ್ಯ. ಎಂಟು ಗಂಟೆಗೆ ಬಿಸಿಲು ಮೇಜಿಗೆ ಬಂದರೆ ಕೆಲಸ ಮುಗಿಯಿತು. ಒಂದಕ್ಕೆ ಎರಡು ಪ್ಯಾಸ್ಟಿಯಷ್ಟು ಕೂಲಿ. ಹರಾಜಿನವರು ಹೊಳೆಯುವ ಕಾಗದದಲ್ಲಿ ದಪ್ಪ ಪುಸ್ತಕ ಅಚ್ಚು ಹಾಕಿಸುತ್ತಾರಲ್ಲ, ಅದರ ಯಾವ ಮೂಲೆಯಲ್ಲೂ ಇವರ ಹೆಸರಿಲ್ಲ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ.

ಅವರ ಮನಸ್ಸಿರುವುದು ಬೇರೆ ಕಡೆ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಗಣಿ ಮುಚ್ಚಿ ಅಪ್ಪ ಜೋರಿಯ ಕೆಲಸ ಹೋದಾಗ, ಆ ಅಪ್ಪ ತುಂಬಿದ ಮೊದಲ ತೂತು ತನ್ನ ಸ್ವಂತ ತಾಯಿಯ ಕೊರಳ ನಾಣ್ಯದ್ದು. ತುಂಬಿದರು, ಮಾರಿದರು, ಮನೆ ನಡೆಯಿತು. "ಅಜ್ಜಿ ಒಂದು ಮಾತೂ ಅನ್ಲಿಲ್ಲ," ಎನ್ನುತ್ತಾರೆ ಲವ್‌ಡೇ. "ಆದ್ರೆ ಸಾಯೋವರೆಗೂ ಅವಳ ಕೈ ಕೊರಳಿಗೆ ಹೋಗ್ತಿತ್ತು, ಏನೂ ಸಿಗದೆ ವಾಪಸ್ ಬರ್ತಿತ್ತು." ಕಸುಬಿಗಿಳಿದಂದಿನಿಂದ ಕೈಗೆ ಬಂದ ಪ್ರತಿ ನಾಣ್ಯದಲ್ಲೂ ಲವ್‌ಡೇ ಅಜ್ಜಿಯ ಆ ನಾಣ್ಯವನ್ನೇ ಹುಡುಕುತ್ತಿದ್ದಾರೆ. ಗುರುತೇನೆಂದು ಎಷ್ಟು ಕೇಳಿದರೂ ನನಗೆ ಹೇಳಿರಲಿಲ್ಲ.

ಕಳೆದ ಶನಿವಾರ ಡಾರೆಲ್ ಈ ನಾಣ್ಯ ಹಿಡಿದು ಬಂದಾಗ ಅವರ ಕಾಲು ನೆಲದ ಮೇಲಿರಲಿಲ್ಲ. "ಅಂಚಲ್ಲಿ ನೋಡೇ, ಹಲ್ಲಿನ ಗುರುತು! ಆಗಿನ ಕಾಲದ ಯಾವನೋ ಹೆಂಡದಂಗಡಿಯವನು ಚಿನ್ನ ಹೌದೋ ಅಲ್ವೋ ಅಂತ ಕಚ್ಚಿ ನೋಡಿದಾನೆ!"

ಲವ್‌ಡೇ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಸಿರು ಬಿಟ್ಟರು.

"ಹೆಂಡದಂಗಡಿಯವನಲ್ಲ ಕಣೋ. ಅದು ನಮ್ಮಪ್ಪ. ಆಗ ಅವನಿಗೆ ಎಂಟು ತಿಂಗಳು."

ತಾಯಿಯ ಮಡಿಲಲ್ಲಿ ಕೂತ ಕೂಸು, ಕೊರಳಲ್ಲಿ ತೂಗುವುದನ್ನು ಬಾಯಿಗೆ ಹಾಕಿಕೊಂಡಿತ್ತು. ಮೂವತ್ತೈದು ವರ್ಷದ ಮೇಲೆ ಅದೇ ಕೂಸು ತೂತು ಮುಚ್ಚಿತು, ಗೀರುಗಳನ್ನೆಲ್ಲ ಅಳಿಸಿತು, ತನ್ನ ಹಲ್ಲಿನ ಗುರುತನ್ನು ಮಾತ್ರ ಮುಟ್ಟಲಿಲ್ಲ.

"ಹದ್ದಿನ ತಲೆ ಮೇಲೆ ತೂತು ತುಂಬಿದೆ," ಎಂದರು ಲವ್‌ಡೇ. "ಆದ್ರೆ ನನ್ ಮಾತು ನಂಬಬೇಡ. ಈ ನಾಣ್ಯ ನಂಗೆ ಬೇಕು. ಬೇಕಾದವಳೇ ಅದರ ಬೆಲೆ ಇಳಿಸೋ ಮಾತಾಡಿದ್ರೆ ಯಾರು ನಂಬ್ತಾರೆ? ಬೇರೆಯವರಿಗೆ ತೋರಿಸು, ಹೋಗು."

ಡಾರೆಲ್ ಸ್ಯಾಕ್ರಮೆಂಟೋಗೆ ಹೋಗಿ ಇಬ್ಬರು ಪರಿಣತರಿಗೆ ತೋರಿಸಿ ಬಂದಿದ್ದಾರೆ. ಇವತ್ತು ಸ್ಟೂಲಿನಿಂದಲೇ ವರದಿ ಒಪ್ಪಿಸುತ್ತಾರೆ: "ತೂತೇ ಇಲ್ಲ ಅಂದ್ರು ಕಣೇ, ಇಬ್ರೂನೂ."

"ಹಾಗಾದ್ರೆ ಹಾಗೇ ಮಾರ್ಕೋ. ನಮ್ಮಪ್ಪನ ಕೈ ಅಷ್ಟು ಚೆನ್ನಾಗಿತ್ತು ಅಂತಾಯ್ತು." ದನಿ ಏನೋ ನಗುತ್ತಿದೆ. ಮುಖ ನೋಡಲು ನನಗೆ ಧೈರ್ಯವಾಗುವುದಿಲ್ಲ.

ಡಾರೆಲ್ ಎದ್ದು ಬಂದು ಅವರ ಭುಜದ ಹಿಂದೆ ಬಗ್ಗುತ್ತಾರೆ. "ಇನ್ನೊಂದ್ಸಲ ಮಾಡು. ನಾನೂ ನೋಡ್ತೀನಿ."

ಉಸಿರು. ಮಬ್ಬು. ನಕ್ಷತ್ರಗಳು ಬಂದವು, ಹದ್ದಿನ ರೆಕ್ಕೆ ಬಂತು. ತಲೆಯ ಮೇಲೆ ಮೆಣಸಿನ ಕಾಳಿನಷ್ಟು ಮಬ್ಬಿನ ಬಳೆಯೊಂದು ಒಂಟಿಯಾಗಿ ನಿಂತಿದ್ದು, ಕರಗಿತು. ನಾನೂ ಕಂಡೆ.

"ಮೂವತ್ತೊಂದು ವರ್ಷ ಬೆಳಬೆಳಗ್ಗೆ ಬಸ್ಸಿನ ಗಾಜು ಒರೆಸಿದೀನಿ," ಎನ್ನುತ್ತಾರೆ ಡಾರೆಲ್. "ಮಬ್ಬು ಸುಳ್ಳು ಹೇಳಲ್ಲ. ತೆಗಿ ಅದನ್ನ."

"ಹುಚ್ಚೇನೋ ನಿಂಗೆ? ನಿನ್ ದೋಣಿ ಮಾರಿ ತಗೊಂಡಿದ್ದು! ತೂತು ಬಿಚ್ಚಿದ್ರೆ ಕಾಲು ಬೆಲೆನೂ ಬರಲ್ಲ."

"ಮಾರೋದಿಲ್ಲ. ನಿಂಗೆ ಕೊಡೋದೂ ಇಲ್ಲ, ಆಸೆ ಇಟ್ಕೋಬೇಡ. ತೆಗಿ ಅಂದೆ, ಅಷ್ಟೇ."

ಕೂದಲೆಳೆಯಂಥ ಬೈರಿಗೆ ಹಿಡಿದು ಲವ್‌ಡೇ ಇಪ್ಪತ್ತು ನಿಮಿಷ ದುಡಿಯುತ್ತಾರೆ. ಅಪ್ಪ ತುಂಬಿದ ಚಿನ್ನ ಪುಡಿಪುಡಿಯಾಗಿ ಕಾಗದದ ಮೇಲೆ ಉದುರುತ್ತದೆ. ಬಿಸಿಲು ಬರುತ್ತದೆ, ತೂತಿನಿಂದ ತೂರಿ ಮೇಜಿನ ಮೇಲೆ ಒಂದು ಚುಕ್ಕಿಯಾಗುತ್ತದೆ. ಡಾರೆಲ್ ತಮ್ಮ ಬೂಟಿನ ದಾರ ಬಿಚ್ಚಿ, ಪೋಣಿಸಿ, ಚಾಚುತ್ತಾರೆ. "ಒಂದ್ ಗಳಿಗೆ ಹಾಕ್ಕೋ. ಒಂದೇ ಗಳಿಗೆ."

ಲವ್‌ಡೇ ಹಾಕಿಕೊಳ್ಳುತ್ತಾರೆ. ಕನ್ನಡಿ ಕೇಳುವುದಿಲ್ಲ. ಅವರ ಕೈ ತಾನಾಗಿ ಕೊರಳಿಗೆ ಹೋಗಿ, ಅಲ್ಲೇ ಉಳಿಯುತ್ತದೆ. ಪ್ಯಾಸ್ಟಿಯ ಪರಿಮಳ ಕೋಣೆಯೆಲ್ಲ ತುಂಬಿದೆ. ಗಳಿಗೆ ಎಂದೋ ಮುಗಿಯಿತು.

"ಸಾಕು, ಕೊಡೇ," ಎನ್ನುತ್ತಾರೆ ಡಾರೆಲ್.

ಲವ್‌ಡೇ ಹೆಬ್ಬೆರಳಿನಿಂದ ಅಂಚನ್ನು ಸವರುತ್ತಲೇ ಇದ್ದಾರೆ. "ತಡಿಯೋ. ನಮ್ಮಪ್ಪಂಗೆ ಹಲ್ಲು ಬರ್ತಾ ಇದೆ."