ಸವಣೂರಿನ ಟೇಪ್ ಡ್ರೈವ್ ಮತ್ತು 117ನೇ ನಂಬರು

1986ರಲ್ಲಿ ನಾನು ಹುಬ್ಬಳ್ಳಿಯಲ್ಲಿದ್ದೆ, ಒಂದು ಕಂಪ್ಯೂಟರ್ ಕಂಪನಿಯ ಫೀಲ್ಡ್ ಎಂಜಿನಿಯರ್ ಆಗಿ. ಆಗಿನ ಧಾರವಾಡ ಜಿಲ್ಲೆಯಲ್ಲಿ ನಮ್ಮ ಯಂತ್ರಗಳು ಏಳು ಕಡೆ ಇದ್ದವು. ಏಳಕ್ಕೂ ರಿಪೇರಿಗೆ ಹೋಗುತ್ತಿದ್ದವನು ನಾನೊಬ್ಬನೇ. ಕೆಳಗಿನದನ್ನು ಹಿಂದೆ ಎರಡು ಸಲ ಬರೆಯಲು ಕೂತು ಅರ್ಧಕ್ಕೆ ಬಿಟ್ಟಿದ್ದೇನೆ. ಈ ಸಲ ನೆನಪಿರುವಷ್ಟನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಸವಣೂರಿನಲ್ಲಿ ಒಂದು ಸೇವಾಸಂಸ್ಥೆ ಕುಷ್ಠರೋಗ ಚಿಕಿತ್ಸೆಯ ಕೆಲಸ ನಡೆಸುತ್ತಿತ್ತು. ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ನಾಲ್ಕೂ ತಾಲ್ಲೂಕು ಅದರ ವ್ಯಾಪ್ತಿ. ಹೊಸ ಔಷಧಿಗಳು ಬಂದ ಕಾಲ ಅದು. ತೀವ್ರವಾದ ರೋಗವಿದ್ದವರು ಇಪ್ಪತ್ತನಾಲ್ಕು ತಿಂಗಳು ಬಿಡದೆ ಗುಳಿಗೆ ತೆಗೆದುಕೊಳ್ಳಬೇಕು. ತಿಂಗಳಿಗೊಮ್ಮೆ ಒಂದು ಡೋಸನ್ನು ಸಂಸ್ಥೆಯ ಕಾರ್ಯಕರ್ತನ ಎದುರಿಗೇ ನುಂಗಬೇಕು. ರೋಗ ಗುಣವಾಗುತ್ತಿತ್ತು. ಆದರೆ ಊರಿಗೆ ಗೊತ್ತಾದರೆ ಸಂಬಂಧಗಳು ಮುರಿಯುತ್ತಿದ್ದವು, ಕೆಲಸ ಹೋಗುತ್ತಿತ್ತು, ಬಾವಿಯ ನೀರು ನಿಲ್ಲುತ್ತಿತ್ತು. ಆದ್ದರಿಂದ ಕಾರ್ಯಕರ್ತರು ಯಾರ ಮನೆಗೂ ಹೋಗುತ್ತಿರಲಿಲ್ಲ. ಸಂತೆಯ ಬಳೆ ಅಂಗಡಿ, ಬಸ್ ಸ್ಟ್ಯಾಂಡಿನ ಕಟ್ಟೆ, ಹಿಟ್ಟಿನ ಗಿರಣಿ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ ಗೊತ್ತುಮಾಡಿಕೊಂಡಿದ್ದರು.

ಹೆಸರು, ಭೇಟಿಯಾಗುವ ಜಾಗ, ಎಷ್ಟನೇ ಡೋಸು ಎಂಬುದು ಕಾಗದದ ಮೇಲೆ ಉಳಿಯಬಾರದೆಂದು ಸಂಸ್ಥೆಯ ಡಾಕ್ಟರು ರೋಗಿಗಳಿಗೆ ಮಾತು ಕೊಟ್ಟಿದ್ದರು. ಕಾರ್ಯಕರ್ತರು ತಂದ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಿದ ದಿನವೇ ನೀರು ಕಾಯಿಸುವ ಒಲೆಗೆ ಹಾಕುತ್ತಿದ್ದರು. ತಿಂಗಳ ಒಂದನೇ ತಾರೀಖಿಗೆ ಹೊಸ ಪಟ್ಟಿ ಮುದ್ರಿಸಿ ಕೊಡುತ್ತಿದ್ದರು. ಅದಕ್ಕೆ ಮೊದಲೇ ಹಿಂದಿನ ಪಟ್ಟಿಯೂ ಒಲೆಗೆ ಹೋಗಿರುತ್ತಿತ್ತು. ಆರುನೂರಕ್ಕೂ ಹೆಚ್ಚು ಜನರ ಗುಟ್ಟು ಒಂದು ಡಿಸ್ಕಿನಲ್ಲಿ ಮತ್ತು ಕೆಲವು ಟೇಪುಗಳಲ್ಲಿ ಮಾತ್ರ ಇತ್ತು.

ಯಂತ್ರ ಯಾರೋ ದಾನ ಕೊಟ್ಟಿದ್ದು, ಹಳೆಯದು. ಈಗಿನವರು ಅದನ್ನು ಸರ್ವರ್ ಎನ್ನುತ್ತಾರೆ. ಎರಡು ಟರ್ಮಿನಲ್, ಒಂದು ಡಿಸ್ಕ್, ಗಾಜಿನ ಬಾಗಿಲಿನ ಒಂದು ಟೇಪ್ ಡ್ರೈವ್. ಪ್ರತಿದಿನ ಸಂಜೆ ನಾಲ್ಕಕ್ಕೆ ಡಿಸ್ಕಿನಲ್ಲಿದ್ದದ್ದನ್ನು ಆ ದಿನದ ರೀಲಿಗೆ ನಕಲು ಮಾಡಬೇಕು. ಅದನ್ನು ಮಾಡುತ್ತಿದ್ದವರು ಗಿರಿಜಾ, ತಿಳವಳ್ಳಿಯವರು. ಎಸ್ಸೆಸ್ಸೆಲ್ಸಿ, ಟೈಪಿಂಗ್ ಪರೀಕ್ಷೆ, ಮೂವತ್ತರ ಸುಮಾರಿನ ವಯಸ್ಸು. ಎಲ್ಲರೂ ಗಿರಿಜಕ್ಕ ಎನ್ನುತ್ತಿದ್ದರು. ಅವರ ಲಾಗ್ ಪುಸ್ತಕದಲ್ಲಿ ಒಂದು ದಿನದ ಸಾಲೂ ಖಾಲಿ ಇರಲಿಲ್ಲ.

ಆ ವರ್ಷದ ಜುಲೈಯಲ್ಲಿ ಟೇಪ್ ಡ್ರೈವಿನ ಹೆಡ್ ಸವೆದಿತ್ತು. ನಾನೇ ಹೋಗಿ ಬದಲಾಯಿಸಿದೆ. ಹೆಡ್ ಎಂದರೆ ಟೇಪನ್ನು ಬರೆಯುವ, ಓದುವ ಭಾಗ. ಅರ್ಧ ಇಂಚು ಅಗಲದ ಟೇಪಿನಲ್ಲಿ ಒಂಬತ್ತು ಸಾಲುಗಳು ಅಕ್ಕಪಕ್ಕ ಓಡುತ್ತವೆ. ಒಂಬತ್ತು ಜನ ಒಂದೇ ಸಮನೆ ಒಂದು ಗೆರೆ ದಾಟಬೇಕು ಎಂದುಕೊಳ್ಳಿ. ಗೆರೆ ಸೊಟ್ಟಗಿದ್ದರೆ ಒಬ್ಬ ಮೊದಲು ದಾಟುತ್ತಾನೆ, ಒಬ್ಬ ಹಿಂದೆ ಬೀಳುತ್ತಾನೆ, ಲೆಕ್ಕ ತಪ್ಪುತ್ತದೆ. ಹೆಡ್ಡನ್ನು ನೇರಮಾಡಲು ಮಾಸ್ಟರ್ ಟೇಪು ಎಂಬ ಅಳತೆಯ ಟೇಪು ಬೇಕು. ಅಂದು ಅದು ಬೆಳಗಾವಿಯಲ್ಲಿ ಸಹೋದ್ಯೋಗಿಯ ಹತ್ತಿರವಿತ್ತು. ನಾನು ಅಂದಾಜಿನಿಂದ ಸ್ಕ್ರೂ ಬಿಗಿದು, ಒಂದು ಟೇಪು ಬರೆದು, ಅದನ್ನೇ ಓದಿಸಿದೆ. ಓದಿತು. ಕೆಲಸ ಮುಗಿಯಿತೆಂದು ಸಹಿ ಹಾಕಿದೆ.

ಸೊಟ್ಟ ಗೆರೆಯಲ್ಲಿ ಬರೆದ ಟೇಪನ್ನು ಅದೇ ಸೊಟ್ಟ ಗೆರೆ ಓದಿಕೊಳ್ಳುತ್ತದೆ. ಬೇರೆ ಯಂತ್ರ ಓದುವುದಿಲ್ಲ. ಪುಸ್ತಕದಲ್ಲಿ ಓದಿದ್ದ ಮಾತು ಅದು, ಕೈಗೆ ಬಂದಿರಲಿಲ್ಲ.

ಸಂಸ್ಥೆ ತಿಂಗಳಿಗೊಂದು ಟೇಪನ್ನು ಬೆಂಗಳೂರಿನ ಮುಖ್ಯ ಕಚೇರಿಗೆ ಕಳಿಸುತ್ತಿತ್ತು. ಎರಡೇ ರೀಲುಗಳು ಹೋಗಿ ಬಂದು ಮಾಡುತ್ತಿದ್ದವು; ಹೊಸದು ಹೋದಾಗ ಹಳೆಯದು ವಾಪಸು ಬಂದು ಅದರ ಮೇಲೆಯೇ ಮತ್ತೆ ಬರೆಯಲಾಗುತ್ತಿತ್ತು. ನವೆಂಬರಿನಲ್ಲಿ ಅಲ್ಲಿಂದ ಕಾಗದ ಬಂತು: ಜುಲೈಯಿಂದೀಚೆಗಿನ ಯಾವ ಟೇಪೂ ಇಲ್ಲಿ ಓದುತ್ತಿಲ್ಲ.

ನವೆಂಬರ್ 29, ಶನಿವಾರ. ಈ ಸಲ ಮಾಸ್ಟರ್ ಟೇಪು ಹಿಡಿದುಕೊಂಡೇ ಸವಣೂರಿಗೆ ಹೋದೆ. ಗಾಜಿನ ಬಾಗಿಲು ತೆಗೆದಾಗ ಹೆಡ್ ಕೂರಿಸಿದ ತಟ್ಟೆಯ ಮೇಲೆ ಕುಂಕುಮದ ಬೊಟ್ಟು ಕಾಣಿಸಿತು. ಅದೂ ಸರಿಯಾಗಿ ಹೆಡ್ಡಿನ ಕೋನ ಹೊಂದಿಸುವ ಸ್ಕ್ರೂ ಮೇಲೆ. ಬೊಟ್ಟಿನ ಅಂಚು ತಟ್ಟೆಗೂ ಹರಡಿ ಒಣಗಿತ್ತು. ನಮ್ಮ ಕಡೆ ಗಿರಣಿ, ಲಾರಿ, ಹೊಲಿಗೆ ಮಷಿನ್ ಎಲ್ಲಕ್ಕೂ ಅಮಾವಾಸ್ಯೆಗೆ ಪೂಜೆ ಉಂಟು. ಗಿರಿಜಕ್ಕ ಕಂಪ್ಯೂಟರನ್ನೂ ಬಿಟ್ಟಿರಲಿಲ್ಲ.

ನಾನು ಸಿಡುಕಿದೆ. "ಗಿರಿಜಕ್ಕಾರ, ಇದು ಗುಡಿ ಅಲ್ರಿ. ಇದರ ಪುಡಿ ಹೆಡ್ಡಿಗೆ ಹತ್ತಿದ್ರ ಟೇಪು ಹಾಳಾಗತಾವ."

"ಪುಡಿ ಉದರಬಾರದಂತ ನೀರಾಗ ಕಲಿಸಿ ಹಚ್ಚೇನ್ರಿ," ಎಂದರು ಅವರು. "ಮುಖದ ನಡಕ ಅದೊಂದ ಗುಂಡನ ಜಾಗಾ ಕಂಡ್ತು."

ಅರಿವೆಗೆ ಸ್ಪಿರಿಟ್ ಹಾಕಿ ಒರೆಸಿದೆ. ಸ್ಕ್ರೂ ಡ್ರೈವರ್ ಇಟ್ಟು ತಿರುಗಿಸುತ್ತ, ಮೀಟರ್ ನೋಡುತ್ತ ಹೆಡ್ಡನ್ನು ನೇರಮಾಡಿದೆ. ಎಷ್ಟು ತಿರುಗಿಸಿದೆ ಎಂದು ಬರೆದಿಟ್ಟುಕೊಳ್ಳಲಿಲ್ಲ. ಹೊಸ ರೀಲಿಗೆ ಪರೀಕ್ಷೆಯ ಬರಹ ಬರೆದು ಓದಿಸಿದೆ. ಚೊಕ್ಕವಾಗಿತ್ತು.

ಗಿರಿಜಕ್ಕ ಶುಕ್ರವಾರದ ರೀಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ಸರ್, ಹಳೇದ ಓದತೈತೇನ್ರಿ? ಒಂದ ಸಲ ಹಾಕಿ ನೋಡೋಣೇನ್ರಿ?"

"ಕೆಟ್ಟಿದ್ದಾಗ ಓದೇತಿ, ಸರಿ ಮಾಡಿದ ಮ್ಯಾಲ ಓದಲಾರದ ಇರತೈತೇನ್ರಿ?" ಎಂದೆ.

ಆಗ ನಾಲ್ಕೂವರೆ. ಆ ದಿನದ ಬ್ಯಾಕಪ್ ಹಾಕಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಐದೂಕಾಲಿಗೆ ನನ್ನ ಬಸ್ಸು. "ಸೋಮವಾರ ಬಂದ ಕೂಡ್ಲೆ ಎಲ್ಲಾ ರೀಲೂ ಹೊಸದಾಗಿ ಬರೀರಿ," ಎಂದು ಹೇಳಿ ಹೊರಟೆ.

ಸೋಮವಾರ, ಡಿಸೆಂಬರ್ ಒಂದು, ಬೆಳಿಗ್ಗೆ ಹತ್ತೂವರೆಗೆ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬಂತು. ಯಂತ್ರ ಚಾಲು ಮಾಡಿದೊಡನೆ ಡಿಸ್ಕ್ ಕರಕರ ಎಂದು ನಿಂತಿತ್ತು. ಡಿಸ್ಕಿನೊಳಗೆ ಬೇರೆಯೇ ಒಂದು ಹೆಡ್ ಇರುತ್ತದೆ; ಅದು ತಿರುಗುವ ತಟ್ಟೆಗೆ ತಾಗಿ ಮೇಲ್ಪದರವನ್ನು ಕೆರೆದುಹಾಕಿತ್ತು. ಇದು ನನ್ನ ತಪ್ಪಲ್ಲ. ಹಳೆಯ ಡಿಸ್ಕುಗಳಿಗೆ ಆಗುವಂಥದ್ದೇ. ಕಚೇರಿಯಲ್ಲಿದ್ದ ಬದಲಿ ಡಿಸ್ಕನ್ನು ಸಂಸ್ಥೆಯ ಜೀಪಿನಲ್ಲಿ ಹಾಕಿಕೊಂಡು ಹೋದೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅದು ಓಡತೊಡಗಿತು. ಇನ್ನು ಶುಕ್ರವಾರದ ಟೇಪಿನಿಂದ ಪಟ್ಟಿಯನ್ನು ಹಿಂದಕ್ಕೆ ತುಂಬಿಸಿದರೆ ಆಯಿತು.

ಟೇಪು ಒಂದು ಗೇಣು ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ನಿಂತಿತು. ಪರದೆಯ ಮೇಲೆ ಟೇಪ್ ಎರರ್. ಗುರುವಾರದ್ದು ಹಾಕಿದೆ. ಅದೇ. ಬುಧವಾರದ್ದು. ಅದೇ. ಆರು ರೀಲೂ ಆದ ಮೇಲೆ ನನಗೆ ಗೊತ್ತಾಯಿತು. ಆ ರೀಲುಗಳೆಲ್ಲ ಸೊಟ್ಟ ಹೆಡ್ಡು ಬರೆದವು. ಸೊಟ್ಟ ಹೆಡ್ಡು ಈಗ ಭೂಮಿಯ ಮೇಲೆ ಇರಲಿಲ್ಲ. ನಾನು ಅದನ್ನು ನೇರಮಾಡಿದ್ದೆ.

ಪಟ್ಟಿಗೆಂದು ಬಂದ ಕಾರ್ಯಕರ್ತರು ವರಾಂಡದಲ್ಲಿ ಕೂತಿದ್ದರು. ಹಿರೇಕೆರೂರು ಕಡೆಯ ಇಮಾಮಸಾಬರು ಎಲ್ಲರಿಗಿಂತ ಹಿರಿಯರು. ಬಾಗಿಲಲ್ಲಿ ನಿಂತು ಕೇಳಿದರು: "ಸಾಹೇಬ್ರ, ಕೆಟ್ಟಿದ್ದಾಗ ಓದತಿತ್ತು, ರಿಪೇರಿ ಆದ ಮ್ಯಾಲ ಓದವಲ್ದು. ಇದೆಂಥಾ ರಿಪೇರಿರಿ? ನನ್ನ ಸೈಕಲ್ಲಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."

ಯಾರೂ ನಗಲಿಲ್ಲ.

ಡಾಕ್ಟರಿಗೆ ನಾನೇ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಮಾಮಸಾಬ್ಗ ತನ್ನ ಮಂದಿ ಮುಖಾ ಗೊತ್ತದಾವ, ಎಷ್ಟನೇ ಡೋಸು ಅಂತ ಗೊತ್ತಿಲ್ಲ. ಹಾನಗಲ್ಲ ಕಡೆಯಾಂವ ಬಂದು ಹದಿನೈದು ದಿವ್ಸ ಆತು, ಅವಗ ಮುಖಾನೂ ಗೊತ್ತಿಲ್ಲ. ಪಟ್ಟಿ ಹೋತಂದ್ರ ಮನಿಮನಿ ಬಾಗಿಲಾ ಬಡದು ಕೇಳಬೇಕು, ಈ ಗುಳಿಗಿ ತೊಗೊಳ್ಳಾವ್ರು ಯಾರದೀರಿ ಅಂತ. ಕೇಳಿದ ದಿವ್ಸಾನ ಊರಿಗೆ ಗೊತ್ತಾಗತದ. ಕೇಳಲಿಲ್ಲಂದ್ರ ಗುಳಿಗಿ ತಪ್ಪತಾವ." ಕನ್ನಡಕ ಮತ್ತೆ ಹಾಕಿಕೊಂಡು, "ಏನ್ ಮಾಡ್ಲಿ, ನೀವ ಹೇಳ್ರಿ," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಉಳಿದದ್ದು ಒಂದೇ ದಾರಿ. ಹೆಡ್ಡನ್ನು ಮತ್ತೆ ಮೊದಲಿನಷ್ಟೇ ಸೊಟ್ಟ ಮಾಡಬೇಕು. ಆದರೆ ಎಷ್ಟು? ಕೂದಲೆಳೆಯಷ್ಟು ತಪ್ಪಿದರೂ ಓದುವುದಿಲ್ಲ. ಬಲಕ್ಕೆ ತಿರುಗಿಸಿದ್ದೆ ಎಂಬುದಷ್ಟೇ ನೆನಪು. ಎಡಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಓದಿಸುತ್ತ ಹೋದೆ. ಪ್ರತಿ ಸಲವೂ ಟೇಪು ಹೆಡ್ಡಿಗೆ ಉಜ್ಜಿ ಸವೆಯುತ್ತಿತ್ತು. ಸಂಜೆಯ ಹೊತ್ತಿಗೆ ಶುಕ್ರವಾರದ ರೀಲಿನ ಮೊದಲ ತುದಿಯಲ್ಲಿ ಕಂದು ಪುಡಿ ಉದುರತೊಡಗಿತು. ಕೈ ನಿಲ್ಲಿಸಿದೆ.

ಬುಧವಾರ ಬೆಳಿಗ್ಗೆ ಗಿರಿಜಕ್ಕ ನನಗಿಂತ ಮೊದಲೇ ಬಂದಿದ್ದರು. ಟೇಪ್ ಡ್ರೈವಿನ ಬಾಗಿಲು ತೆಗೆದು, ಕಿಟಕಿಯ ಬೆಳಕು ಬೀಳುವಂತೆ ತಲೆ ಓರೆಮಾಡಿ ನೋಡುತ್ತಿದ್ದರು.

"ಸರ್, ನೀವು ಬೊಟ್ಟ ಒರಸಿದ್ದು ಮ್ಯಾಲಿಂದಷ್ಟ ಹೋಗೇತಿ. ಗೀರಿನ್ಯಾಗಿಂದು ಹೋಗಿಲ್ಲ ನೋಡ್ರಿ."

ಭೂತಗನ್ನಡಿ ಇಟ್ಟು ನೋಡಿದೆ. ತಟ್ಟೆಯ ಮೇಲ್ಮೈಯಲ್ಲಿದ್ದ ಸಣ್ಣ ಸಣ್ಣ ಗೀರುಗಳೊಳಗೆ ಕೆಂಪು ಕೂತಿತ್ತು, ಮುರಿದ ಬಳೆಯ ಚೂರಿನಂತೆ ಬಾಗಿದ ಒಂದು ಗುರುತು. ಸ್ಕ್ರೂವಿನ ಅಂಚಿನಲ್ಲೂ ಅಂಥದೇ ಇನ್ನೊಂದು ತುಂಡು. ದೀಪಾವಳಿ ಅಮಾವಾಸ್ಯೆಯಂದು ಅವೆರಡೂ ಒಂದೇ ಬೊಟ್ಟಾಗಿದ್ದವು.

"ಮೊನ್ನೆ ಸೋಮವಾರನೂ ಅಮಾಸಿ," ಎಂದರು ಗಿರಿಜಕ್ಕ. "ಹಳೇದ ಪೂರಾ ತೊಳದು ಹೊಸಾದ ಹಚ್ಚಬೇಕಂತ ಹಸಿ ಅರಿವಿ ಹಿಡಕೊಂಡ ನಿಂತಿದ್ನಿ. ಅಷ್ಟರಾಗ ಡಿಸ್ಕ್ ಕರಕರ ಅಂತು. ಪೂಜಿ ಅಲ್ಲಿಗೇ ನಿಂತ್ತು."

ಸ್ಕ್ರೂ ತಿರುಗಿಸಿ ಎರಡು ತುಂಡುಗಳನ್ನು ಎದುರುಬದುರು ತಂದೆ. ಶುಕ್ರವಾರದ ರೀಲಿಗೆ ಮತ್ತೆ ಕೈ ಹಚ್ಚುವ ಧೈರ್ಯವಿರಲಿಲ್ಲ. ಸೋಮವಾರದ ಹಳೆಯ ರೀಲು ಹಾಕಿದೆ. ಎರರ್. ಗುರುತು ಸರಿಯಾಗಿ ಕೂಡಿತ್ತು, ಆದರೂ ಎರರ್. ಕುರ್ಚಿಯಲ್ಲಿ ಕೂತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ಶನಿವಾರ ನಾನು ಒಂದು ಪೂರ್ತಿ ಸುತ್ತು ಹಾಕಿ ಅದರ ಮೇಲೆ ಇನ್ನಷ್ಟು ತಿರುಗಿಸಿರಬಹುದು. ಪೂರ್ತಿ ಸುತ್ತನ್ನು ಗುರುತು ಹೇಳುವುದಿಲ್ಲ. ಎಡಕ್ಕೆ ಇನ್ನೊಂದು ಸುತ್ತು ಹಾಕಿ, ಮತ್ತೆ ಕೆಂಪಿಗೆ ಕೆಂಪು ಕೂಡಿಸಿದೆ.

ರೀಲು ತಿರುಗಿತು. ನಿಲ್ಲಲಿಲ್ಲ.

ಶುಕ್ರವಾರದ ರೀಲು ಪೂರ್ತಿ ಇಳಿಯಲು ಮೂರು ಗಂಟೆ ಬೇಕಾಯಿತು. ಸವೆದ ತುದಿ ಹತ್ತಾರು ಸಲ ಹಿಂದೆ ಮುಂದೆ ಹೋಗಿ ಕೊನೆಗೆ ಓದಿತು. ಪಟ್ಟಿ ಮುದ್ರಣಕ್ಕೆ ಹೋದಾಗ ಇಮಾಮಸಾಬರು ಪ್ರಿಂಟರಿನ ಪಕ್ಕ ನಿಂತು, ಕಾಗದ ಹೊರಬರುತ್ತಿದ್ದಂತೆ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಹೆಡ್ಡನ್ನು ಮತ್ತೆ ನೇರಮಾಡಿ, ಎಲ್ಲ ರೀಲುಗಳನ್ನೂ ಹೊಸದಾಗಿ ಬರೆದೆವು. ನಾನು ಆ ದಿನ ಐದೂಕಾಲಿನ ಬಸ್ಸಿಗೆ ಹೋಗಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಆಗಾಗ ನಗುತ್ತ ಹೇಳುತ್ತಿದ್ದೆನೇನೋ. ಶುಕ್ರವಾರದ ಟೇಪಿನಲ್ಲಿದ್ದದ್ದು ಶುಕ್ರವಾರದವರೆಗಿನ ಮಾತು. ಶನಿವಾರ ಬೆಳಿಗ್ಗೆ ಗಿರಿಜಕ್ಕ ಹದಿನೆಂಟು ಚೀಟಿ ಏರಿಸಿ, ನಿಯಮದಂತೆ ಒಲೆಗೆ ಹಾಕಿದ್ದರು. ಹದಿನೇಳನ್ನು ಕಾರ್ಯಕರ್ತರು ಮತ್ತೆ ಹೇಳಿ ಬರೆಸಿದರು. ಒಂದು ಮಾತ್ರ ಅವರು ತಂದದ್ದಲ್ಲ, ಟಪಾಲಿನಲ್ಲಿ ಬಂದದ್ದು. ಹಿರೇಕೆರೂರು ಪಟ್ಟಿಯ 117ನೇ ನಂಬರು. ಹಂಸಭಾವಿಯ ಹುಡುಗಿ, ಹದಿನಾಲ್ಕು ಡೋಸು ಮುಗಿಸಿದವಳು. ಮದುವೆಯಾಗಿ ಬೇರೆ ಊರಿಗೆ ಹೋಗುತ್ತಿದ್ದೇನೆ, ಇನ್ನು ಮುಂದೆ ಗುಳಿಗೆಯನ್ನು ಇಂಥ ಊರಿನ ಇಂಥ ಜಾಗಕ್ಕೆ ತರಬೇಕು ಎಂದು ಬರೆದಿದ್ದಳು. ನಂಬರು ಲಾಗ್ ಪುಸ್ತಕದಲ್ಲಿತ್ತು, ಮದುವೆಯ ಮಾತಷ್ಟೇ ಗಿರಿಜಕ್ಕನಿಗೆ ನೆನಪಿತ್ತು. ಟೇಪಿನಲ್ಲಿ ಇದ್ದದ್ದು ಹಳೆಯ ಜಾಗ, ಹಂಸಭಾವಿಯ ಬಸ್ ಸ್ಟ್ಯಾಂಡ್.

"ಯಾವೂರು ಅಂತ ಬರದಿದ್ಲು, ನೆನಪ ಮಾಡ್ಕೊಳ್ರಿ ಅಕ್ಕಾ," ಎಂದು ಇಮಾಮಸಾಬರು ಕೇಳಿದರು.

ಗಿರಿಜಕ್ಕನ ಕಣ್ಣು ತುಂಬಿತು. "ಟೈಪ್ ಮಾಡಿದ್ದನ್ನ ಮರೀಬೇಕಂತ ನಾನ ರೂಢಿ ಮಾಡ್ಕೊಂಡೇನ್ರಿ. ಅಂಗಡಿಯಾಗ, ಬಸ್ಸಿನ್ಯಾಗ ಯಾರರ ಎದರಾದ್ರ ನನ್ನ ಮುಖದ ಮ್ಯಾಲ ಕಾಣಬಾರದಂತ. ಎರಡ ವರ್ಷದಾಗ ಒಂದ ಹೆಸರೂ ನೆನಪಿಟ್ಟಿಲ್ಲ. ಈಗ ಎಲ್ಲಿಂದ ತರಲಿ?"

ತವರುಮನೆಗೆ ಹೋಗಿ ಕೇಳಬಹುದಲ್ಲ ಎಂದು ನಾನು ಡಾಕ್ಟರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಮದವಿಯಾಗಿ ತಿಂಗಳಾಗಿಲ್ಲ. ಗುಳಿಗಿಯವ್ರು ಸೊಸೀನ್ನ ಹುಡುಕಿಕೊಂಡ ಬಂದಿದ್ರು ಅಂತ ಒಂದ ಮಾತು ಆ ಊರಿಗೆ ಮುಟ್ಟಿದ್ರ ಸಾಕು. ಇಪ್ಪತ್ತನಾಕು ಡೋಸು ಮೂವತ್ತಾರು ತಿಂಗಳಾಗ ಮುಗದ್ರ ನಡೀತದ. ಕಾಯೂಣು."

ಡಿಸೆಂಬರಿನಲ್ಲಿ ಇಮಾಮಸಾಬರು ಗೊತ್ತುಮಾಡಿದ ದಿನ ಹಂಸಭಾವಿಯ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರು. ಅವಳು ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಜನವರಿಯ ಆ ದಿನವೂ ಕೂತರು. ಸಂಕ್ರಾಂತಿ ಹತ್ತಿರ ಬಂತು. ಮಗಳು ಹಬ್ಬಕ್ಕೆ ತವರಿಗೆ ಬಂದರೂ ಬರಬಹುದೆಂದು ಎಣಿಸಿ, ಮೂರು ದಿನ ಬೇರೆ ಕೆಲಸ ಬಿಟ್ಟು, ಬುತ್ತಿ ಕಟ್ಟಿಕೊಂಡು ಹೋಗಿ ಅದೇ ಕಟ್ಟೆಯ ಮೇಲೆ ಕೂತರು. ಮೂರನೆಯ ದಿನ ಬಸ್ಸಿನಿಂದ ಹಸಿರು ಬಳೆಯ ಕೈಗಳು, ಒಂದು ಟ್ರಂಕು, ಪಕ್ಕದಲ್ಲಿ ಗಂಡ. ಇಮಾಮಸಾಬರು ಅವಳನ್ನು ನೋಡಿದರು, ಅವಳು ಇವರನ್ನು. ಗಂಡ ಬೀಡಿ ತರಲು ಅಂಗಡಿಗೆ ಹೋದ ಗಳಿಗೆಯಲ್ಲಿ ಅವಳು ಬಂದು, ಗುಳಿಗೆ ಬಾಯಿಗೆ ಹಾಕಿ, ಇವರ ಕೈಯಿಂದಲೇ ನೀರಿನ ಬಾಟಲಿ ಇಸಕೊಂಡು ನುಂಗಿದಳು. ಗಂಡನ ಊರಿನ ಹೆಸರು ಹೇಳಿ, ಮೇಲೆ ಎರಡೇ ಮಾತು ಆಡಿದಳಂತೆ.

"ಅಲ್ಲಿ ಎರಡ ತಿಂಗಳಾ ಗಿರಣ್ಯಾಗ ನಿಂತ ದಾರಿ ನೋಡಿದ್ನಿ, ಕಾಕಾ. ನನ್ನ ಹೆಸರ ತಗದ್ರೇನೋ ಅಂದ್ಕೊಂಡ್ನಿ."

ಇಮಾಮಸಾಬರು ಇದನ್ನು ನನಗೆ ಹೇಳಿದ್ದು ಫೆಬ್ರವರಿಯಲ್ಲಿ, ವರಾಂಡದಲ್ಲಿ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ. ಅವರು ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಅದು ದಯೆಯೆಂದು ನಾನು ತಿಳಿದುಕೊಂಡಿದ್ದೇನೆ.

ಅದಾದ ಮೇಲೆ ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದೆ. ಯಾವ ಸ್ಕ್ರೂ ತಿರುಗಿಸುವ ಮೊದಲೂ ಅದರ ಮೇಲಿಂದ ಪಕ್ಕದ ತಟ್ಟೆಯವರೆಗೆ ಒಂದು ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ, ಸುತ್ತುಗಳನ್ನು ಎಣಿಸಿ ಬರೆಯುತ್ತಿದ್ದೆ. ಒಂದು ಯಂತ್ರ ತಾನು ಬರೆದದ್ದನ್ನು ತಾನೇ ಓದಿ ತೋರಿಸಿದರೆ ಅದನ್ನು ಪರೀಕ್ಷೆಯೆಂದು ಒಪ್ಪಲಿಲ್ಲ. ಬೇರೆ ಯಂತ್ರಕ್ಕೆ ಒಯ್ದು ಓದಿಸಿದೆ. ತಪ್ಪಾಗಿ ಕೂತಿರುವುದನ್ನು ಸರಿಮಾಡುವುದು ನಮ್ಮ ಕೆಲಸವೇ ಹೌದು. ಆದರೆ ಆ ತಪ್ಪಿನ ಮೇಲೆ ಭಾರ ಹಾಕಿ ಯಾರೋ ನಿಂತಿರುತ್ತಾರೆ, ಅವರನ್ನು ಮೊದಲು ಇಳಿಸಿಕೊಳ್ಳಬೇಕು. ಎಲ್ಲ ಮುಗಿದು ಟೂಲ್ ಬ್ಯಾಗಿನ ಜಿಪ್ ಎಳೆಯುವ ಮುಂಚೆ, ಬಸ್ಸು ತಪ್ಪಿದರೂ ಸರಿ, ಒಂದು ಪ್ರಶ್ನೆ ಕೇಳದೆ ನಾನು ಯಾವ ಕಚೇರಿಯಿಂದಲೂ ಹೊರಬೀಳಲಿಲ್ಲ. ಆ ಪ್ರಶ್ನೆ ನನ್ನದಲ್ಲ, ಗಿರಿಜಕ್ಕನದು.

"ಹಳೇದ ಓದತೈತೇನ್ರಿ? ಒಂದ ಸಲ ಹಾಕಿ ನೋಡೋಣೇನ್ರಿ?"