ಔಷಧಿ ಡ್ರೋನಿನ ಯುದ್ಧ ಮತ್ತು ನಾನು ಬರೆದ ವಿಷಾದ

2023ರ ಆಗಸ್ಟ್. ಶಿವಮೊಗ್ಗದ ದಿನಪತ್ರಿಕೆಯೊಂದರಲ್ಲಿ ನಾನು ಹಿರಿಯ ಉಪಸಂಪಾದಕಿ. ಶನಿವಾರದ ಸಿನಿಮಾ ಪುಟ ನನ್ನದು. ಅಲ್ಲಿ ಹತ್ತೊಂಬತ್ತು ವರ್ಷ ವಿಮರ್ಶೆಯ ಮೇಲೆ ನನ್ನ ಹೆಸರೇ ಅಚ್ಚಾಗುತ್ತಿತ್ತು. ನಿವೃತ್ತಿಗೆ ಎಂಟು ತಿಂಗಳು ಬಾಕಿ. ಬಾಯಿ ಮುಚ್ಚಿಕೊಂಡಿದ್ದರೆ ಹಾರ ಹಾಕಿಸಿಕೊಂಡು ಆ ಪುಟದಿಂದಲೇ ಮನೆಗೆ ಹೋಗಬಹುದಿತ್ತು. ಅದು ನನ್ನ ಜಾಯಮಾನವಲ್ಲ.

ಆ ವಾರ ಬಿಡುಗಡೆಯಾದದ್ದು ಡ್ರೋನ್ ಯುದ್ಧದ ಕುರಿತ ಥ್ರಿಲ್ಲರ್. ನಿರ್ದೇಶಕರು ಭದ್ರಾವತಿ ಓಲ್ಡ್ ಟೌನಿನವರು. ಚಿತ್ರದ ಹೆಸರು ಹೇಳುವುದಿಲ್ಲ, ಮಲಗಿದ್ದನ್ನು ಎಬ್ಬಿಸುವುದೇಕೆ? ಕಥೆ ಕೇಳಿದರೆ ಯಾರಿಗಾದರೂ ಆಸೆ ಹುಟ್ಟಬೇಕು. ಗಡಿಯಲ್ಲಿ ಡ್ರೋನ್ ಹಾರಿಸುವ ಸೈನಿಕನೊಬ್ಬನಿಗೆ, ಶತ್ರುಗಳ ಡ್ರೋನ್ ತಯಾರಿಸುತ್ತಿರುವವನು ಸತ್ತುಹೋದನೆಂದು ನಂಬಿದ್ದ ತನ್ನ ಅಪ್ಪನೇ ಎಂದು ತಿಳಿಯುತ್ತದೆ. ಅಮ್ಮನಿಗೆ ಇದು ಇಪ್ಪತ್ತು ವರ್ಷದಿಂದ ಗೊತ್ತು. ಗಂಡನ ಪತ್ರಗಳನ್ನು ಅಕ್ಕಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದಾಳೆ.

ನಿರ್ದೇಶಕರ ಊರಿನಲ್ಲೇ ನೋಡೋಣವೆಂದು ಶುಕ್ರವಾರ ಬೆಳಗಿನ ಆಟಕ್ಕೆ ಭದ್ರಾವತಿಗೆ ಹೋದೆ. ಇಂಟರ್ವಲ್ ತನಕ ಹೇಗೋ ತಡೆದುಕೊಂಡೆ. ಕ್ಲೈಮ್ಯಾಕ್ಸಿನಲ್ಲಿ ವಿಷಾನಿಲ ಚೆಲ್ಲುವ ಶತ್ರು ಡ್ರೋನ್ ಓಲಾಡುತ್ತಾ ಬಂತು. ಡಬಡಬ ಸಂಗೀತ. ಆಗ ನನ್ನ ಹಿಂದಿನ ಸಾಲಿನಿಂದ ಒಬ್ಬರು ಸಮಾಧಾನವಾಗಿ ಹೇಳಿದರು: "ಮಾರಾಯ, ಇದು ನಮ್ಮ ಗದ್ದೆಗೆ ಔಷಧಿ ಹೊಡಿಯೋದಲ್ವೇನೋ."

ಇಡೀ ಥಿಯೇಟರ್ ಗೊಳ್ ಎಂದಿತು. ನಿಜವೇ. ಹೊಟ್ಟೆಯ ಕೆಳಗೆ ಹತ್ತು ಲೀಟರಿನ ಬಿಳಿ ಟ್ಯಾಂಕ್, ಎರಡೂ ಕಡೆ ಔಷಧಿ ಸಿಂಪಡಿಸುವ ನಾಜಲ್. ನಮ್ಮ ಕಡೆ ಭತ್ತದ ಗದ್ದೆಯ ಮೇಲೆ ಅದನ್ನು ನೋಡದವರು ಯಾರಿದ್ದಾರೆ? ನನಗೆ ಸಿಟ್ಟು ಬಂದದ್ದು ಮಾತ್ರ ಅದಕ್ಕಲ್ಲ. ಇಪ್ಪತ್ತು ವರ್ಷ ಎದೆಯಲ್ಲಿ ಗುಟ್ಟು ಇಟ್ಟುಕೊಂಡು ಮಗನಿಗೆ ಅನ್ನ ಬಡಿಸಿದ ಆ ಅಮ್ಮನಿಗೆ ಸಿನಿಮಾದಲ್ಲಿ ಒಂದೇ ಒಂದು ಮಾತಿಲ್ಲ. ಪತ್ರಗಳು ಮಗನಿಗೆ ಸಿಕ್ಕಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾಳೆ, ಅಷ್ಟೇ. ಇದನ್ನೆಲ್ಲ ಬರೆದೆ. ಬರೆಯುವ ಹುಮ್ಮಸ್ಸಿನಲ್ಲಿ ಒಂದು ಸಾಲು ಜಾಸ್ತಿಯೂ ಬರೆದೆ: "ಡ್ರೋನ್ ಹಾರಿಸಿದವರ ಕೈಯೂ ನಡುಗುತ್ತಿತ್ತೆಂದು ಕಾಣುತ್ತದೆ."

ಜಿಲ್ಲಾ ಪತ್ರಿಕೆಗಳಲ್ಲಿ ಒಂದು ಅಲಿಖಿತ ರೂಢಿ ಇದೆ. ಸಿನಿಮಾ ನಮ್ಮೂರವರದ್ದಾದರೆ 'ಮೆಚ್ಚತಕ್ಕ ಪ್ರಯತ್ನ' ಎಂದು ಬರೆದು ಕೈತೊಳೆದುಕೊಳ್ಳಬೇಕು. ನಾನು ಅದನ್ನು ಮುರಿದಿದ್ದೆ. ಸೋಮವಾರ ನಿರ್ದೇಶಕರು ಏಳೆಂಟು ಜನರನ್ನು ಕಟ್ಟಿಕೊಂಡು ಕಚೇರಿಗೆ ಬಂದರು. ಅದು ಮಿಲಿಟರಿ ಮಾದರಿ, ತಜ್ಞರೇ ವಿನ್ಯಾಸ ಮಾಡಿದ್ದು, ಈಯಮ್ಮ ಸುಳ್ಳು ಬರೆದಿದ್ದಾರೆ ಎಂದು ಸಂಪಾದಕರ ಮುಂದೆ ಕೂಗಾಡಿದರು. ಗುರುವಾರದೊಳಗೆ 'ವಿಷಾದ' ಬರಬೇಕು ಎಂದು ಪಟ್ಟು ಹಿಡಿದರು. ವಿಷಾದ ಎಂದರೆ ಪತ್ರಿಕೆ ತಪ್ಪೊಪ್ಪಿಕೊಂಡು ಪುಟದ ಮೂಲೆಯಲ್ಲಿ ಹಾಕುವ ಪುಟ್ಟ ಚೌಕ. ಸಂಪಾದಕ ಷಡಕ್ಷರಪ್ಪನವರು ಒಳ್ಳೆಯವರೇ, ಆದರೆ ಜಗಳವೆಂದರೆ ಮೈಲು ದೂರ. ನೀವೇ ಬರೆದುಕೊಡಿ, ಇಲ್ಲದಿದ್ದರೆ ಸಿನಿಮಾ ಪುಟ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂದರು.

ಬರೆಯುವುದಿಲ್ಲ ಎಂದು ಹೇಳುವ ಮೊದಲು, ಬರೆದದ್ದು ಸರಿಯೇ ಎಂದು ನೋಡಿಕೊಳ್ಳಬೇಕಲ್ಲ. ಮಂಗಳವಾರ ರವೀಂದ್ರನಗರದ ಮನೆಯಿಂದ ಸ್ಕೂಟರ್ ಹತ್ತಿದವಳು ಸೀದಾ ಹೊಳಲೂರಿನ ಕಡೆ ಹೊರಟೆ. ಆ ಸೀಮೆಯಲ್ಲಿ ಔಷಧಿ ಡ್ರೋನ್ ಹಾರಿಸುವವರು ಒಬ್ಬರೇ ಎಂದು ವಿಚಾರಿಸಿಕೊಂಡಿದ್ದೆ. ಶೈಲಜಾ, ಮೂವತ್ತಾರು ವರ್ಷ, ತರಬೇತಿ ಪಡೆದು ಪೈಲಟ್ ಲೈಸೆನ್ಸ್ ಮಾಡಿಸಿದ ಹೆಣ್ಣುಮಗಳು. ಗದ್ದೆಯ ಬದುವಿನ ಮೇಲೆ ನಿಂತು ಬ್ಯಾಟರಿ ಬದಲಿಸುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಗಂಟಿಕ್ಕಿತು.

ಸಿನಿಮಾದವರಿಗಾಗಿ ಎರಡು ದಿನ ಈ ಡ್ರೋನನ್ನು ಹಾರಿಸಿದ್ದು ಶೈಲಜಾ ಅವರೇ. ರಿಮೋಟಿನ ಪರದೆಯಲ್ಲಿ ಪ್ರತಿ ಹಾರಾಟದ ದಿನಾಂಕ, ಜಾಗ ಎಲ್ಲ ದಾಖಲಾಗಿರುತ್ತದೆ, ತೆಗೆದು ತೋರಿಸಿದರು. ಗದ್ದೆಯದೆಂದು ಗೊತ್ತಾಗುತ್ತೆ, ಟ್ಯಾಂಕ್ ಬಿಚ್ಚಿಬಿಡ್ತೀನಿ ಎಂದು ಇವರು ಮೊದಲೇ ಹೇಳಿದ್ದರಂತೆ. ವಿಷಾನಿಲ ಸುರಿಯುವುದಕ್ಕೆ ಬೇಕು ಎಂದು ನಿರ್ದೇಶಕರು ನೀರು ತುಂಬಿಸಿದರು. ನಾಲ್ಕನೇ ಟೇಕಿಗೆ ಟ್ಯಾಂಕ್ ಅರ್ಧವಾಯಿತು. ಅರ್ಧ ಟ್ಯಾಂಕಿನ ನೀರು ಕುಲುಕಿದರೆ ಡ್ರೋನ್ ಓಲಾಡುತ್ತದೆ, ತುಂಬಿಸಿಕೊಳ್ತೀನಿ ಎಂದು ಇವರು ಹೇಳಿದರೆ, "ಬಿಸಿಲು ಹೋಗುತ್ತೆ, ಎತ್ತಮ್ಮಾ" ಎಂದರಂತೆ ನಿರ್ದೇಶಕರು. ಕೊನೆಗೆ ಪರದೆಯ ಮೇಲೆ 'ಡ್ರೋನ್ ಯುದ್ಧ ತಜ್ಞ' ಎಂದು ಬಂದದ್ದು ನಿರ್ದೇಶಕರ ಭಾವಮೈದುನನ ಹೆಸರು.

ನನ್ನ ವಿಮರ್ಶೆ ಸರಿಯಾಗಿತ್ತು. ಗೆದ್ದೆ ಎಂದುಕೊಂಡು ಸ್ಕೂಟರ್ ಕೀ ಕೈಗೆ ತೆಗೆದುಕೊಂಡೆ. ಆಗ ಶೈಲಜಾ ಹೇಳಿದರು: "ಅವ್ರು ಹೆಸರು ಹಾಕಲಿಲ್ಲ ಅಂತ ಬೇಜಾರಿಲ್ಲ ಅಕ್ಕ. ನೀವು ಕೈ ನಡುಗುತ್ತೆ ಅಂತ ಬರೆದ್ರಲ್ಲ. ಊರಲ್ಲಿ ಎಲ್ರಿಗೂ ಗೊತ್ತು, ಹಾರಿಸಿದ್ದು ನಾನೇ ಅಂತ. ಶನಿವಾರದಿಂದ ಇಬ್ರು, 'ನಮ್ಮ ಗದ್ದೆಗೆ ನೀನು ಬರೋದು ಬೇಡ' ಅಂದಿದಾರೆ."

ಅಮ್ಮನಿಗೆ ಒಂದು ಮಾತು ಕೊಡಲಿಲ್ಲ ಎಂದು ನಿರ್ದೇಶಕರನ್ನು ಬೈದವಳು ನಾನು. ನಾನು ಮಾಡಿದ್ದಾದರೂ ಏನು? ಡ್ರೋನ್ ಹಾರಿಸಿದ ಹೆಂಗಸನ್ನು ಒಂದು ಮಾತು ಕೇಳದೆ ಅವಳ ಕೈಯ ಬಗ್ಗೆ ಬರೆದಿದ್ದೆ. ನಾಚಿಕೆಯಾಯಿತು, ಅದಕ್ಕೆ ಬೇರೆ ಪದವಿಲ್ಲ. ಶೈಲಜಾ ಡ್ರೋನ್ ಎತ್ತಿದರು. ಅದು ಪೈರಿನ ಮೇಲೆ ಗೆರೆ ಹೊಡೆದಷ್ಟು ನೆಟ್ಟಗೆ ಹೋಗಿ ನೆಟ್ಟಗೆ ವಾಪಸ್ ಬಂತು.

ಬುಧವಾರ ಬೆಳಿಗ್ಗೆ ಸಂಪಾದಕರ ಮೇಜಿನ ಮೇಲೆ ನಾಲ್ಕು ಸಾಲು ಇಟ್ಟೆ. "ಶನಿವಾರದ ಸಿನಿಮಾ ವಿಮರ್ಶೆಯಲ್ಲಿ ಡ್ರೋನ್ ಹಾರಿಸಿದವರ ಕೈ ನಡುಗುತ್ತಿತ್ತೆಂದು ಬರೆದಿದ್ದು ತಪ್ಪು. ಹೊಳಲೂರಿನ ಶೈಲಜಾ ಅವರು ತಮ್ಮ ಔಷಧಿ ಸಿಂಪಡಣೆಯ ಡ್ರೋನನ್ನು ಸಮರ್ಥವಾಗಿಯೇ ಹಾರಿಸಿದ್ದರು. ನಡುಗಿದ್ದು ಅರ್ಧ ತುಂಬಿದ ಟ್ಯಾಂಕಿನ ನೀರು. ಅವರಿಗಾದ ನೋವಿಗೆ ವಿಷಾದಿಸುತ್ತೇನೆ."

ಷಡಕ್ಷರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವ್ರು ಕೇಳಿದ ವಿಷಾದ ಇದಲ್ಲ, ಮೇಡಂ."

"ಕೊಡಬೇಕಾದ ವಿಷಾದ ಇದೊಂದೇ ಸಾರ್," ಎಂದೆ. "ಇದು ಹೋಗ್ಲಿ. ಆಮೇಲೆ ಪುಟ ಯಾರಿಗೆ ಬೇಕಾದ್ರೂ ಕೊಡಿ."

ಗುರುವಾರ ಅದು ಅಕ್ಷರ ಬಿಡದೆ ಅಚ್ಚಾಯಿತು. ಪುಟವನ್ನೂ ಕಿತ್ತುಕೊಂಡರು. ಉಳಿದ ಎಂಟು ತಿಂಗಳು ನಿಧನ ವಾರ್ತೆಗಳನ್ನು ತಿದ್ದಿದೆ. ಒಂದು ಹೆಸರು, ಒಂದು ವಯಸ್ಸೂ ತಪ್ಪಾಗದಂತೆ ತಿದ್ದಿದೆ. ಆ ಸಿನಿಮಾದ ಬಗ್ಗೆ ಬರೆದ ಉಳಿದೆಲ್ಲ ಸಾಲುಗಳಿಗೆ ಇವತ್ತಿಗೂ ನನ್ನಲ್ಲಿ ಎಳ್ಳಷ್ಟು ವಿಷಾದವಿಲ್ಲ, ಕೇಳಿದವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ. ಕ್ಷಮೆ ಸಲ್ಲಬೇಕಾದದ್ದು ಗಟ್ಟಿ ದನಿಯಲ್ಲಿ ಅದನ್ನು ಕೇಳಲು ಬಂದವರಿಗಲ್ಲ, ನೋವುಂಡೂ ಕಚೇರಿಯ ಮೆಟ್ಟಿಲನ್ನೇ ಹತ್ತದವರಿಗೆ ಎಂದು ಈ ಕೆಲಸ ನನಗೆ ಕಲಿಸಿತು.

ಹೋದ ವರ್ಷ ಹೊಳಲೂರಿನ ದಾರಿಯಲ್ಲಿ ಶೈಲಜಾ ಸಿಕ್ಕಿದರು. ಬೇಡ ಅಂದಿದ್ದ ಇಬ್ಬರಲ್ಲಿ ಒಬ್ಬರ ಗದ್ದೆಗೇ ಹೊರಟಿದ್ದರು. ಡ್ರೋನಿನ ಪೆಟ್ಟಿಗೆಯ ಮುಚ್ಚಳ ತೆರೆದು ತೋರಿಸಿದರು. ಒಳಗೆ ಟೇಪ್ ಹಚ್ಚಿ ಅಂಟಿಸಿದ್ದ ಆ ವಿಷಾದದ ಚೌಕ ಹಳದಿಯಾಗಿತ್ತು. "ಯಾರಾದ್ರೂ ಕೈ ನಡುಗುತ್ತಾ ಅಂತ ಕೇಳಿದ್ರೆ ಇದನ್ನ ಓದಿಸ್ತೀನಿ ಅಕ್ಕ, ಆಮೇಲೆ ಹಾರಿಸ್ತೀನಿ," ಎಂದರು.