ದ್ವೀಪದಲ್ಲಿ ಕಾಲಡಿ ಏನಿತ್ತು

ಸಮುದ್ರವನ್ನು ನಾವು ಮೊದಲು ಕಂಡದ್ದು ಸೈಕಲ್ಲಿನ ಹಿಂದೆ ಕಟ್ಟಿದ ಬುಟ್ಟಿಯಲ್ಲಿ. ಆ ದಿನಗಳಲ್ಲಿ ವೇಣೂರಿಗೂ ಪುಂಜಾಲಕಟ್ಟೆಗೂ ನಡುವಿನ ನಮ್ಮ ಊರಿಗೆ ಮೀನಿನ ಸೈಕಲ್ಲು ಶಾಲೆಯ ಮೊದಲ ಗಂಟೆಯ ಹೊತ್ತಿಗೆ ಬರುತ್ತಿತ್ತು. ಬುಟ್ಟಿಯಿಂದ ತೊಟ್ಟಿಕ್ಕುವ ಉಪ್ಪುನೀರು ರಸ್ತೆಯ ಕೆಂಪು ಧೂಳಿನಲ್ಲಿ ಒಂದು ಗೆರೆ ಎಳೆದು ಹೋಗುತ್ತಿತ್ತು. ಜೈನರಾದ ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತುವಂತಿರಲಿಲ್ಲ. ಹಾಗಾಗಿ ಆ ಗೆರೆಯನ್ನು ದಾಟುವಾಗ ನಾನು ಮೂಗು ಹಿಡಿದುಕೊಳ್ಳುತ್ತಿದ್ದೆ, ನನ್ನ ಪಕ್ಕದಲ್ಲಿ ಗೆಳತಿ ವಾರಿಜ ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದಳು.

ಏಳನೆಯ ತರಗತಿಯ ಮಕ್ಕಳನ್ನು ಮಲ್ಪೆಯಾಚೆಯ ಕಲ್ಲಿನ ದ್ವೀಪಕ್ಕೆ ಒಂದು ದಿನದ ಪ್ರವಾಸ ಕರೆದೊಯ್ಯುವುದಾಗಿ ಮಾಸ್ಟ್ರು ಹೇಳಿದ್ದು ಆ ವರ್ಷ. ಇಸವಿಯನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಕೆಲವರಿಗೆ ಗುರುತು ಸಿಗುತ್ತದೆ. ತಿಂಗಳು ಜನವರಿ ಎಂದು ನನ್ನ ನೆನಪು. ಡಿಸೆಂಬರ್ ಎನ್ನುತ್ತಾಳೆ ಸಹಪಾಠಿ ಲೀಲಾ. ನಿವೃತ್ತಳಾದ ಮೇಲೆ ಶಾಲೆಗೆ ಹೋಗಿ ಹಳೆಯ ಹಾಜರಿ ಪುಸ್ತಕವನ್ನು ಕೇಳಿ ನೋಡಿದೆ. ಡಿಸೆಂಬರಿನ ಕೊನೆಯ ಶನಿವಾರದ ಅಂಕಣದಲ್ಲಿ ‘ಪ್ರವಾಸ’ ಎಂದಿದೆ. ಲೀಲಾಳ ಮಾತೇ ಸರಿ. ಅದೇ ಅಂಕಣದಲ್ಲಿ ನನ್ನ ಹೆಸರಿನ ಮುಂದೆ ಹಾಜರು, ವಾರಿಜಳ ಹೆಸರಿನ ಮುಂದೆ ಗೈರು. ದಾಖಲೆಯಲ್ಲಿ ಇಷ್ಟೇ ಇದೆ. ಉಳಿದದ್ದನ್ನು ನಾನು ಹೇಳಬೇಕು.

ವಾರಿಜಳ ಮನೆ ನಮ್ಮ ಗದ್ದೆಯ ಕೆಳಗಿತ್ತು. ಆ ಮನೆಯ ಜಗಲಿ ಬೀಡಿಯ ಜಗಲಿ. ಸಂಜೆ ನಾಲ್ಕಾರು ಹೆಂಗಸರು ಮಡಿಲ ಮೇಲೆ ಮೊರವಿಟ್ಟುಕೊಂಡು, ಒದ್ದೆ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುತ್ತ ಕೂರುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಬಿಡುವು. ಆದ್ದರಿಂದ ಓದಲು ಬರುವ ಮಕ್ಕಳು ಅವರಿಗೆ ಪತ್ರಿಕೆಯ ಕಥೆ ಓದಿ ಹೇಳಬೇಕಿತ್ತು. ನಾನು ಓದುತ್ತಿದ್ದೆ. ವಾರಿಜ ಬೀಡಿ ಕಟ್ಟುತ್ತ ಕೇಳುತ್ತಿದ್ದಳು. ನಡುವೆ ತಟ್ಟನೆ, “ನಿಲ್ಲು ಮಾರಾಯ್ತಿ, ಆಗ ಆ ಹೆಂಗಸು ಬಾಗಿಲು ಹಾಕಿದಳು ಅಂತ ಓದಿದೆಯಲ್ಲ, ಈಗ ಅವನು ಒಳಗೆ ಹೇಗೆ ಬಂದ?” ಎನ್ನುತ್ತಿದ್ದಳು. ಪುಟ ತಿರುವಿ ನೋಡಿದರೆ ಕಥೆ ಬರೆದವರೇ ತಪ್ಪಿರುತ್ತಿದ್ದರು.

ಪ್ರವಾಸದ ವಾರವೇ ಅವಳ ಅಮ್ಮನ ಬಲಗೈಗೆ ಉಗುರುಸುತ್ತು ಆಯಿತು. ಶನಿವಾರ ಬೀಡಿಯನ್ನು ಕಂಪನಿಯ ಬ್ರ್ಯಾಂಚಿಗೆ ಕೊಡುವ ದಿನ. ಅಮ್ಮನ ಪಾಲಿನದನ್ನೂ ವಾರಿಜಳೇ ಕಟ್ಟಬೇಕಾಯಿತು.

“ನಾನು ಬರುವುದಿಲ್ಲ, ಪದ್ಮ,” ಎಂದಳು. “ನೀನು ಎಲ್ಲ ಸರಿಯಾಗಿ ನೋಡಿಕೊಂಡು ಬಾ.” (ಇವೆಲ್ಲ ತುಳುವಿನಲ್ಲಿ ಆಡಿದ ಮಾತುಗಳು; ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ನೋಡಿಕೊಂಡು ಬರುವುದಕ್ಕೆ ಕಾರಣವಿತ್ತು. ರಜೆಯ ನಂತರ ಇನ್ಸ್‌ಪೆಕ್ಟರು ಶಾಲೆಗೆ ಬರುವವರಿದ್ದರು. ದ್ವೀಪದ ಪ್ರವಾಸದ ಕುರಿತು ಪ್ರತಿಯೊಬ್ಬರೂ ಪ್ರಬಂಧ ಬರೆಯಬೇಕು, ಒಳ್ಳೆಯದಕ್ಕೆ ಅವರ ಕೈಯಿಂದ ಬಹುಮಾನ. “ಬಾರದವರು ಎಂಥ ಬರೆಯುವುದು ಸರ್?” ಎಂದು ವಾರಿಜ ಕೇಳಿದ್ದಳು. “ಹೋದವರ ಹತ್ತಿರ ಕೇಳಿ ಬರಿ,” ಎಂದಿದ್ದರು ಮಾಸ್ಟ್ರು. ಈ ಮಾತನ್ನು ನಾನು ಕೇಳಿದ್ದೇನೆ, ಲೀಲಾ ಕೇಳಿದ್ದಾಳೆ. ವಾರಿಜಳ ಮನೆಯ ಯಜಮಾನಿಕೆ ಅವಳ ಸೋದರಮಾವನದು. ಅವನು ಜಗಲಿಯಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದ: “ಬಹುಮಾನ ತಂದರೆ ಹೈಸ್ಕೂಲಿಗೆ ಕಳಿಸುವ. ಇಲ್ಲದಿದ್ದರೆ ಬ್ರ್ಯಾಂಚಿನಲ್ಲಿ ಬೀಡಿಯ ಕಾರ್ಡು ಅವಳ ಹೆಸರಿಗೂ ಒಂದು ಮಾಡಿಸುವ. ಎರಡರಲ್ಲಿ ಒಂದು.”

ಶನಿವಾರ ಬೆಳಕು ಹರಿಯುವ ಮುನ್ನ ಬಸ್ಸು ಹೊರಟಿತು. ಬುತ್ತಿಗೆ ಅಮ್ಮ ಬಾಳೆಎಲೆಯಲ್ಲಿ ಅಕ್ಕಿಯ ಕಡುಬು, ನಮ್ಮ ಪುಂಡಿ, ಕಟ್ಟಿದ್ದರು, ಜೊತೆಗೆ ಬೆಲ್ಲ. ಮೂಡುಬಿದಿರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೇ ನಾನು ಅರ್ಧ ತಿಂದು ಮುಗಿಸಿದ್ದೆ. ಮಲ್ಪೆಯಲ್ಲಿ ದೋಣಿಗಳು ತಂಗುವ ದಕ್ಕೆಯಲ್ಲಿ ಒಣಮೀನು, ಡೀಸೆಲ್ಲು, ಹಸಿ ಹಗ್ಗ, ಎಲ್ಲ ವಾಸನೆಗಳೂ ಒಟ್ಟಿಗೆ ಮುಖಕ್ಕೆ ಬಡಿದವು. ದ್ವೀಪ ತೋರಿಸಲು ಮಾಸ್ಟ್ರು ಗೊತ್ತುಮಾಡಿದ್ದ ಮಲ್ಪೆಯ ಅಜ್ಜ ಕೊರಳಿಗೆ ಸೀಟಿ ಕಟ್ಟಿಕೊಂಡು ದೋಣಿಯ ಮೂತಿಯಲ್ಲಿ ನಿಂತಿದ್ದರು.

“ಕೈ ಹೊರಗೆ ಹಾಕಬೇಡಿ ಮಕ್ಕಳೇ! ಮೀನಿಗೆ ಗೊತ್ತುಂಟಾ ನೀವು ಯಾವ ಶಾಲೆಯವರು ಅಂತ?”

“ಅಜ್ಜಾ, ಅಲ್ಲಿ ಹುಲಿ ಉಂಟಾ?” ಎಂದ ನಮ್ಮ ತರಗತಿಯ ಹಮೀದ್.

“ಹುಲಿಗೆ ಮಂಡೆ ಸರಿ ಉಂಟು ಮಾರಾಯ. ಕುಡಿಯುವ ನೀರಿಲ್ಲದ ಕಡೆ ನಮ್ಮಂಥವರು ಮಾತ್ರ ಹೋಗುವುದು!”

ಎಲ್ಲರೂ ನಕ್ಕರು. ಆ ನಗುವಿನವರೆಗೆ ನನ್ನ ಪ್ರವಾಸ. ಅನಂತರ ದಡ ಮೇಲೆ ಕೆಳಗೆ ತೂಗತೊಡಗಿತು. ನಾನು ದೋಣಿಯ ಅಂಚಿಗೆ ಬಾಗಿ ಪುಂಡಿಯನ್ನೂ ಬೆಲ್ಲವನ್ನೂ ಸಮುದ್ರಕ್ಕೆ ಕೊಟ್ಟೆ. ದ್ವೀಪದ ಸುತ್ತ ಬಂಡೆಗಳಿರುವುದರಿಂದ ದೊಡ್ಡ ದೋಣಿ ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಹಾರಬೇಕು. ನನಗೆ ನಿಲ್ಲಲೂ ಆಗಲಿಲ್ಲ.

“ಇವಳನ್ನು ಇಳಿಸುವುದು ಬೇಡ ಮಾಸ್ಟ್ರೇ,” ಎಂದರು ಅಜ್ಜ. “ಬಿದ್ದರೆ ಕಲ್ಲು. ಇಲ್ಲೇ ಮಲಗಲಿ.”

ಹೀಗೆ ಮೂರು ಗಂಟೆಗೂ ಹೆಚ್ಚು ಕಾಲ ನಾನು ಬಲೆಯ ರಾಶಿಯ ಮೇಲೆ ಮಲಗಿದ್ದೆ. ಇಂಜಿನ್ನು ನೋಡಿಕೊಳ್ಳುವಾತ ಲಿಂಬೆಯ ಹೋಳಿಗೆ ಉಪ್ಪು ಹಚ್ಚಿ ಕೊಟ್ಟ. ತಲೆಯೆತ್ತಿದಾಗ ಕಂಡದ್ದು ಇಷ್ಟು: ಕಪ್ಪು ಗೆರೆಯಂತೆ ಬಂಡೆ, ಅದರ ಮೇಲೆ ತೆಂಗಿನ ಮರಗಳು, ಕಾಗೆಗಳಂತೆ ಅಲ್ಲಲ್ಲಿ ನಮ್ಮ ಮಕ್ಕಳ ತಲೆ, ನೀರಂಚಿನಲ್ಲಿ ಬೆಳ್ಳಗಿನ ಪಟ್ಟಿ. ದ್ವೀಪದ ಮೇಲೆ ನಾನು ಕಾಲಿಡಲಿಲ್ಲ.

ಹಿಂದಿರುಗುವಾಗ ಮಾಸ್ಟ್ರು ನನ್ನ ಪಕ್ಕ ಬಂದು ಕುಳಿತರು. ಶಾಲೆಗೆ ಜಾಗ ಕೊಟ್ಟದ್ದು ನಮ್ಮ ಮನೆತನ. ತಂದೆಯನ್ನು ಅವರು ಧಣಿಗಳೇ ಎಂದು ಕರೆಯುತ್ತಿದ್ದರು. “ಮಗಾ, ನಿನ್ನನ್ನು ದೋಣಿಯಲ್ಲಿ ಬಿಟ್ಟದ್ದು ಧಣಿಗಳಿಗೆ ಗೊತ್ತಾದರೆ ನನಗೆ ಕಷ್ಟ ಉಂಟು. ಎಲ್ಲ ನೋಡಿದೆ ಅಂತಲೇ ಹೇಳು, ಆಯ್ತಾ?” ಹಮೀದನಿಗೂ ಲೀಲಾಳಿಗೂ ಉಳಿದವರಿಗೂ ಅದೇ ಅಪ್ಪಣೆಯಾಯಿತು. ನಾನು ತಲೆಯಾಡಿಸಿದೆ. ನನಗೂ ಅದೇ ಬೇಕಿತ್ತು.

ಮರುದಿನ ಸಂಜೆ ಹಮೀದ್, ಲೀಲಾ, ನಾನು ವಾರಿಜಳ ಜಗಲಿಯಲ್ಲಿ ಕುಳಿತೆವು. ಅವಳು ಬೀಡಿ ಕಟ್ಟುತ್ತಲೇ ಕೇಳಿದಳು, ಕೇಳಿದ್ದನ್ನೇ ಮತ್ತೆ ಕೇಳಿದಳು. ಮೊರದ ಪಕ್ಕದಲ್ಲಿ ಪುಸ್ತಕವಿತ್ತು; ಇಬ್ಬರು ಒಂದೇ ಮಾತು ಹೇಳಿದರೆ ಮಾತ್ರ ಕೈ ಒರೆಸಿಕೊಂಡು ಬರೆದುಕೊಳ್ಳುತ್ತಿದ್ದಳು.

“ಕಲ್ಲು ಹೇಗಿತ್ತು?”

“ಸಾವಿರ ಕಂಬದ ಬಸದಿಯ ಕಂಬಗಳನ್ನೆಲ್ಲ ಕಡಿದು ನೆಟ್ಟ ಹಾಗೆ,” ಎಂದಳು ಲೀಲಾ.

“ಬೆಂಕಿಯ ಕೆಸರು ತಣಿದು ಹಾಗೆ ಸೀಳಿದ್ದಂತೆ, ಅಜ್ಜ ಹೇಳಿದರು,” ಎಂದ ಹಮೀದ್. “ಕೆಲವಕ್ಕೆ ಆರು ಮೂಲೆ, ಕೆಲವಕ್ಕೆ ಐದು.”

“ಐದು ಉಂಟಾ ಲೀಲಾ?”

“ಉಂಟು ಮಾರಾಯ್ತಿ, ನಾನೇ ಎಣಿಸಿದ್ದೇನೆ.”

ವಾರಿಜ ಬರೆದಳು. ಆಮೇಲೆ ನನ್ನತ್ತ ತಿರುಗಿದಳು. “ದೋಣಿಯಿಂದ ಇಳಿದಾಗ ಕಾಲಡಿ ಎಂಥ ಇತ್ತು?”

“ಮರಳು,” ಎಂದೆ. “ಮೆತ್ತಗೆ, ಬೆಳ್ಳಗೆ.”

ಹಮೀದ್ ಬೇರೆಲ್ಲೋ ನೋಡಿದ. “ಹಮೀದಾ?” ಎಂದಳು ವಾರಿಜ.

“ಚಿಪ್ಪಿ,” ಎಂದ, ನೆಲ ನೋಡುತ್ತ. “ಅಲ್ಲಿ ಮರಳು ಇಲ್ಲ. ಚಿಪ್ಪಿಯೇ ಇಡೀ. ಕಾಲು ಕೊಯ್ಯುತ್ತದೆ.”

“ಲೀಲಾ?”

“ಚಿಪ್ಪಿ.”

ವಾರಿಜ ನನ್ನ ಮುಖವನ್ನು ನೋಡಿದಳು. ಕೈ ಬೀಡಿ ಸುತ್ತುವುದನ್ನು ನಿಲ್ಲಿಸಿತ್ತು. ಮತ್ತೆ ಪುಸ್ತಕ ತೆಗೆದು ಚಿಪ್ಪಿ ಎಂದು ಬರೆದುಕೊಂಡಳು. ಅನಂತರ ಹಮೀದನನ್ನೂ ಲೀಲಾಳನ್ನೂ ಕೇಳಿದಳು, ನನ್ನನ್ನು ಕೇಳಲಿಲ್ಲ.

ಇನ್ಸ್‌ಪೆಕ್ಟರು ಬಂದ ದಿನ ಮಾಸ್ಟ್ರು ಪ್ರಬಂಧಗಳ ಕಟ್ಟನ್ನು ಅವರ ಮುಂದಿಟ್ಟರು. ಅವರು ಮಧ್ಯಾಹ್ನವೆಲ್ಲ ಓದಿ, ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಕೊನೆಗೆ ಒಂದನ್ನು ತೆಗೆದು ನಮ್ಮೆದುರು ಗಟ್ಟಿಯಾಗಿ ಓದಿದರು. ಅದು ವಾರಿಜಳದು. ಕಾಲಿಗೆ ಚುಚ್ಚುವ ಚಿಪ್ಪಿ, ಮಧ್ಯಾಹ್ನ ಕಾದ ಕಲ್ಲಿನ ಬಿಸಿ, ಐದು ಮೂಲೆಯ ಕಂಬ, ಅಜ್ಜನ ಹುಲಿಯ ಮಾತು, ಎಲ್ಲವೂ ಇದ್ದವು. ಆ ಪ್ರಬಂಧದಲ್ಲಿ ಇಲ್ಲದ್ದು ಒಂದೇ ಪದ: ‘ನಾನು’. ತಾನು ಕಂಡೆನೆಂದು ಅವಳು ಒಂದು ಸಾಲಿನಲ್ಲೂ ಹೇಳಿರಲಿಲ್ಲ. ಅದನ್ನು ಅಂದು ಯಾರೂ ಗಮನಿಸಲಿಲ್ಲ. ಮೊನ್ನೆ ಲೀಲಾಳನ್ನು ಕೇಳಿದಾಗ ಅವಳಿಗೂ ಹಾಗೆಯೇ ನೆನಪು.

“ಬರೆದವಳು ಯಾರು?” ಎಂದರು ಇನ್ಸ್‌ಪೆಕ್ಟರು. ವಾರಿಜ ಎದ್ದು ನಿಂತಳು. “ನಿನಗೆ ಕಣ್ಣುಂಟು ಮಗಾ. ಇದಕ್ಕೇ ಬಹುಮಾನ.”

ಆಗ ನಾನು ಎದ್ದೆ.

“ಸರ್, ಅವಳು ದ್ವೀಪಕ್ಕೆ ಬರಲೇ ಇಲ್ಲ.”

ಸತ್ಯದ ಮೇಲಿನ ಪ್ರೀತಿಯಿಂದ ಎದ್ದೆನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಹೊಟ್ಟೆಕಿಚ್ಚು, ಜೊತೆಗೆ ಭಯ. ಜಗಲಿಯಲ್ಲಿ ಹೇಳಿದ ಮರಳನ್ನೇ ಹಟದಿಂದ ಪ್ರಬಂಧದಲ್ಲೂ ಬರೆದಿದ್ದೆ; ಅವಳ ಚಿಪ್ಪಿಯ ಪಕ್ಕದಲ್ಲಿ ಅದು ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಸೋದರಮಾವ ಜಗಲಿಯಲ್ಲಿ ಆಡಿದ ಮಾತೂ ಗೊತ್ತಿತ್ತು.

ಇನ್ಸ್‌ಪೆಕ್ಟರು ಮಾಸ್ಟ್ರತ್ತ ನೋಡಿದರು. ಕೇಳಿ ಬರಿ ಎಂದಿದ್ದವರು ಮಾಸ್ಟ್ರೇ. ಅವರ ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತಿತು; ದೋಣಿಯ ಗುಟ್ಟು ನಮ್ಮಿಬ್ಬರ ನಡುವೆ ಇತ್ತು. “ಹೌದು ಸರ್, ಬರಲಿಲ್ಲ,” ಎಂದಷ್ಟೇ ಹೇಳಿದರು.

“ಕಾಣದ್ದನ್ನು ಕಂಡ ಹಾಗೆ ಬರೆಯುವುದು ಸುಳ್ಳಿಗಿಂತ ಕೆಟ್ಟದ್ದು,” ಎಂದು ಇನ್ಸ್‌ಪೆಕ್ಟರು ಆ ಹಾಳೆಗಳನ್ನು ಮೇಜಿನ ಅಂಚಿಗೆ ಸರಿಸಿದರು. ಬಹುಮಾನ ಎರಡನೆಯ ಪ್ರಬಂಧಕ್ಕೆ ಹೋಯಿತು. ಅದು ನನ್ನದು.

ವಾರಿಜ ಇನ್ನೂ ನಿಂತೇ ಇದ್ದಳು. ಒಂದು ಮಾತು ಸಾಕಿತ್ತು: ಇವಳು ದೋಣಿಯಿಂದ ಇಳಿಯಲೇ ಇಲ್ಲ ಸರ್. ಹಮೀದನೂ ಲೀಲಾಳೂ ತಲೆಯಾಡಿಸದೆ ಇರುತ್ತಿರಲಿಲ್ಲ. ನಾನು ಆ ಮಾತಿಗಾಗಿ ಕಾದೆ. ಅವಳು ಅದನ್ನು ಆಡಲಿಲ್ಲ. ಮೇಜಿನ ಅಂಚಿನಿಂದ ತನ್ನ ಹಾಳೆಗಳನ್ನು ತೆಗೆದುಕೊಂಡು ಬಂದು ಕುಳಿತಳು. ಅದೇ ಬೆಂಚಿನಲ್ಲಿ, ನನ್ನ ಪಕ್ಕದಲ್ಲಿ, ಏಪ್ರಿಲ್‌ವರೆಗೆ ಕುಳಿತಳು. ಜೂನಿನಲ್ಲಿ ನಾನು ಹೈಸ್ಕೂಲಿಗೆ ಹೋದೆ. ಅವಳ ಹೆಸರಿಗೆ ಬೀಡಿಯ ಕಾರ್ಡು ಬಂತು.

ಮುಂದೆ ನಾನು ಶಾಸನಗಳ ಅಧ್ಯಯನದಲ್ಲಿ ಬದುಕು ಕಳೆದೆ. ಒಂದೇ ಆಧಾರದ ಮೇಲೆ ಏನನ್ನೂ ಬರೆಯಬಾರದು, ಪರಸ್ಪರ ಗೊತ್ತಿಲ್ಲದ ಎರಡು ಸಾಕ್ಷಿಗಳು ಒಪ್ಪಬೇಕು ಎಂದು ವಿದ್ಯಾರ್ಥಿಗಳಿಗೆ ಕಲಿಸಿದೆ. ಅದನ್ನು ನನ್ನ ವಿಧಾನವೆಂದು ಕೆಲವರು ಮೆಚ್ಚಿ ಬರೆದದ್ದೂ ಉಂಟು. ಅದನ್ನು ನಾನು ಕಲಿತದ್ದು ಯಾವ ಜಗಲಿಯಲ್ಲಿ, ಯಾರ ಮೊರದ ಪಕ್ಕದಲ್ಲಿ ಎಂದು ಒಂದು ಅಡಿಟಿಪ್ಪಣಿಯಲ್ಲೂ ನಾನು ಹೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಒಬ್ಬಳೇ ಮಲ್ಪೆಗೆ ಹೋದೆ. ಈಗ ಟಿಕೆಟ್ಟು, ಕಿತ್ತಳೆ ಬಣ್ಣದ ಜಾಕೆಟ್ಟು, ದೋಣಿಯಲ್ಲಿ ಕಿವಿ ಒಡೆಯುವ ಹಾಡು. ಸೀಟಿ ಈಗಲೂ ಇದೆ, ಕಾವಲಿನವರ ಬಾಯಲ್ಲಿ, ಕಥೆ ಹೇಳುವವರಿಲ್ಲ. ಮಾತ್ರೆ ನುಂಗಿ ಹೋಗಿದ್ದೆ, ವಾಂತಿಯಾಗಲಿಲ್ಲ. ದಡದಲ್ಲಿ ಚಪ್ಪಲಿ ಕಳಚಿ ನಿಂತೆ. ಅಂಗಾಲು ಉರಿಯುವವರೆಗೆ ನಿಂತೆ.

ಅಲ್ಲಿಂದ ಬಂದ ವಾರವೇ ಪುಂಜಾಲಕಟ್ಟೆಯ ಸಮೀಪ ವಾರಿಜಳ ಮಗನ ಮನೆಗೆ ಹೋದೆ. ಸೊಸೆ ಚಹಾ ತಂದಿಟ್ಟಳು. ಮೊಮ್ಮಗಳು ಮೂಲೆಯಲ್ಲಿ ಫೋನು ನೋಡುತ್ತಿದ್ದಳು. ಬೀಡಿ ಬಿಟ್ಟು ವರ್ಷಗಳಾದವು, ಕೆಮ್ಮು ಮಾತ್ರ ಬಿಟ್ಟಿಲ್ಲ ಎಂದು ವಾರಿಜ ನಕ್ಕಳು. ಕ್ಷಮೆ ಕೇಳಲು ಹೋದೆನೆಂದು ಬರೆದರೆ ಅದು ಪೂರ್ತಿ ನಿಜವಲ್ಲ. ಆ ದಿನದ ಕುರಿತು ಅವಳ ಬಾಯಿಂದ ಒಂದು ಮಾತು ನನಗೆ ಬೇಕಿತ್ತು. ದ್ವೀಪಕ್ಕೆ ಹೋಗಿದ್ದೆನೆಂದು ಹೇಳಿ ಪ್ರಬಂಧದ ವಿಷಯವೆತ್ತಿದೆ.

“ಎಂಥ ಪ್ರಬಂಧ ಮಾರಾಯ್ತಿ? ನನಗೆ ನೆನಪಿಲ್ಲ,” ಎಂದಳು. “ಚಹಾ ಕುಡಿ, ತಣಿಯುತ್ತದೆ.”

ನಾನು ಚಹಾ ಕುಡಿದೆ. ಹೊರಟಾಗ ಅವಳು ಗೇಟಿನವರೆಗೆ ಬಂದಳು. ಗೇಟು ಹಾಕುತ್ತ, ಸಹಜವಾಗಿ, “ದ್ವೀಪಕ್ಕೆ ಹೋಗಿದ್ದೆ ಅಂದಿಯಲ್ಲ. ಈ ಸಲ ಇಳಿದೆಯಾ?” ಎಂದಳು.

“ಇಳಿದೆ.”

“ಕಾಲಡಿ ಎಂಥ ಇತ್ತು?”

“ಚಿಪ್ಪಿ.”

“ಹ್ಞಾಂ,” ಎಂದಳು. ಅವಳ ಹೆಬ್ಬೆರಳು ತೋರುಬೆರಳ ಮೇಲೆ, ಎಲೆಯಿಲ್ಲದೆ, ಒಮ್ಮೆ ಉರುಳಿ ನಿಂತಿತು. ತಿರುಗಿ ಒಳಗೆ ಹೋದಳು.

ಆ ಜಗಲಿ ಈಗಿಲ್ಲ. ರಸ್ತೆ ಅಗಲವಾದಾಗ ಹೋಯಿತು. ಮಾಸ್ಟ್ರು ಇಲ್ಲ, ಹಮೀದನೂ ಇಲ್ಲ. ವಾರಿಜಳ ಪ್ರಬಂಧದ ಒಂದು ಹಾಳೆಯೂ ಎಲ್ಲೂ ಉಳಿದಿಲ್ಲ; ನಾನು ಹುಡುಕಿದ್ದೇನೆ. ನನ್ನದು ಉಳಿದಿದೆ. ಅಮ್ಮ ಬಹುಮಾನದ ಪುಸ್ತಕದೊಳಗೆ ಜೋಪಾನವಾಗಿ ಇಟ್ಟಿದ್ದರು. ಆ ಪ್ರವಾಸದ ಕುರಿತು ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ, ಹಾಜರಿ ಪುಸ್ತಕದಲ್ಲಿ ನನ್ನ ಹಾಜರಿ ಸಿಗುತ್ತದೆ, ಆ ಪ್ರಬಂಧ ಸಿಗುತ್ತದೆ. ಎರಡೂ ಒಂದನ್ನೊಂದು ಒಪ್ಪುತ್ತವೆ. ಅದರ ಮೂರನೆಯ ಸಾಲು ಹೀಗಿದೆ: ‘ನಾನು ದೋಣಿಯಿಂದ ಇಳಿದಾಗ ನನ್ನ ಕಾಲಡಿ ಮೆತ್ತನೆಯ ಬಿಳಿ ಮರಳಿತ್ತು.’ ಪಕ್ಕದಲ್ಲಿ, ಇಷ್ಟು ವರ್ಷಗಳ ನಂತರವೂ ಮಾಸದೆ, ಸರಿ ಎಂಬ ಕೆಂಪು ಗುರುತು.